ಫೋನು ಯಾರ ಕೈಯಲ್ಲಿದೆ?

ಜಾಲಹಳ್ಳಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇದು ಇಂಥವರದೇ ಮನೆ ಎಂದಲ್ಲ. ದೇವದುರ್ಗ ತಾಲೂಕಿನ ಯಾವ ಊರಿನಲ್ಲಾದರೂ ಇರಬಹುದಾದ ಮನೆ. ಮೂವತ್ತರ ಆಸುಪಾಸಿನ ಸೊಸೆ. ಕೆಲವು ತಿಂಗಳಿನಿಂದ ಸುಸ್ತು, ಎಡಪಕ್ಕೆಯ ಕೆಳಗೆ ಭಾರ, ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದಂತೆ. ರಾಯಚೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣಗಳು ಲಕ್ಷ ದಾಟಿದ್ದವು. ಬೆಂಗಳೂರಿಗೆ ಹೋದರು. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟ ವೈದ್ಯರು, 'ಪ್ರತಿ ಸಲ ಇಷ್ಟು ದೂರ ಬರಬೇಡಿ, ಕೆಲವು ಸಲ ವೀಡಿಯೋ ಕರೆಯಲ್ಲಿ ಮಾತಾಡೋಣ' ಎಂದರು. ಮನೆಯವರಿಗೆ ನಿರಾಳವಾಯಿತು.

ಈಗ ಆ ಕರೆಯ ದಿನ. ಗಂಡ ದುಡಿಯಲು ಪರ ಊರಿಗೆ ಹೋಗಿದ್ದಾನೆ. ಪಡಸಾಲೆಯಲ್ಲಿ ಫೋನು ಹಿಡಿದು ಕೂತವನು ಮೈದುನ. ಪಕ್ಕದಲ್ಲಿ ಮಾವ. ಅತ್ತೆ ಒಳಬಾಗಿಲಲ್ಲಿ. ಸೊಸೆ ಅವರ ಹಿಂದೆ, ಸೆರಗು ತಲೆಯ ಮೇಲೆ ಎಳೆದುಕೊಂಡು. ವೈದ್ಯರು ಕೇಳುತ್ತಾರೆ, 'ಹೇಗಿದ್ದಾರೆ?' ಮೈದುನ ಹೇಳುತ್ತಾನೆ, 'ಆರಾಮ ಅದಾರ್ರೀ ಸಾರ್.' 'ಮಾತ್ರೆ ತಪ್ಪಿಸ್ತಿಲ್ಲ ತಾನೆ?' 'ಇಲ್ರೀ, ದಿನಾ ತಗೋತಾರ.' ಐದು ನಿಮಿಷದಲ್ಲಿ ಕರೆ ಮುಗಿಯುತ್ತದೆ. ಯಾರೂ ಸುಳ್ಳು ಹೇಳಲಿಲ್ಲ. ಆದರೆ ಆಕೆಗೆ ಈ ತಿಂಗಳು ಮುಟ್ಟು ನಿಂತಿದೆ. ಆ ಮಾತನ್ನು ಮಾವ-ಮೈದುನರ ಮುಂದೆ ಆಕೆ ಹೇಗೆ ಹೇಳಿಯಾಳು? ಆಕೆ ನುಂಗುತ್ತಿರುವ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ ತರಬಲ್ಲದು ಎಂಬುದು ವೈದ್ಯರಿಗೆ ಗೊತ್ತು. ಆಕೆಗೆ ಗೊತ್ತಿಲ್ಲ. ಆಕೆಗೆ ಗೊತ್ತಿರುವುದು ವೈದ್ಯರಿಗೆ ತಿಳಿಯಲಿಲ್ಲ.

ಪ್ರಿಯ ಸಹೋದರಿಯರೇ, ಈ ತಿಂಗಳು ನಾವು ಮಾತಾಡಬೇಕಾದದ್ದು ಈ ಐದು ನಿಮಿಷದ ಬಗ್ಗೆ.

ಎಲ್ಲ ರಕ್ತ ಕ್ಯಾನ್ಸರೂ ಒಂದೇ ಅಲ್ಲ

ನಮ್ಮಲ್ಲಿ 'ಬ್ಲಡ್ ಕ್ಯಾನ್ಸರ್' ಎಂಬ ಎರಡು ಪದ ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿ ಅಳು ಶುರುವಾಗುತ್ತದೆ. ಲ್ಯೂಕೇಮಿಯಾ ಎಂದರೆ ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವ ಕ್ರಮ ಕೆಟ್ಟು, ಬೇಡದ ಕಣಗಳು ಬೆಳೆಯುವ ರೋಗ. ಇದರಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ನಾಲ್ಕರ ದಾರಿಯೂ ಬೇರೆ ಬೇರೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ದಿನ ಬದುಕುತ್ತಾರೆ?' ಎಂಬುದಲ್ಲ, 'ಇದು ಯಾವ ಬಗೆ?' ಎಂಬುದು.

ಎಎಲ್‌ಎಲ್ ಮತ್ತು ಎಎಂಎಲ್ ಎಂಬ ಎರಡು ಬಗೆಗಳು ವೇಗದವು. ದಿನಗಳಲ್ಲಿ, ವಾರಗಳಲ್ಲಿ ಏರುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಎಎಲ್‌ಎಲ್. ಬಿಡದ ಜ್ವರ, ಬಿಳಿಚಿದ ಮುಖ, ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಮಗು ಕಾಲು ನೋವೆಂದು ನಡೆಯಲು ಒಲ್ಲೆನ್ನುವುದು - ಇವು ಅದರ ಸೂಚನೆಗಳು. ಇಂಥ ಮಗುವಿಗೆ ಊರಿನಲ್ಲೇ ದಿನಕ್ಕೊಂದು ಇಂಜೆಕ್ಷನ್, ಎರಡು ದಿನಕ್ಕೊಂದು ಸಲಾಯನ್ ಎಂದು ತಿಂಗಳು ಕಳೆಯಬಾರದು. ಅದರಲ್ಲೂ ಪರೀಕ್ಷೆಯಿಲ್ಲದೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ನಾಲ್ಕು ದಿನ ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ರೋಗ ಮರೆಯಾಗಿ ಕೂರುತ್ತದೆ, ಮುಂದಿನ ಪರೀಕ್ಷೆಯೂ ದಾರಿ ತಪ್ಪಬಹುದು. ಒಂದು ಸಾಮಾನ್ಯ ರಕ್ತ ಪರೀಕ್ಷೆ, ಅಂದರೆ ಸಿಬಿಸಿ, ಮತ್ತು ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆ ಬಹಳಷ್ಟು ಸಲ ಮೊದಲ ಸುಳಿವು ಕೊಡುತ್ತವೆ. ಮಕ್ಕಳ ಎಎಲ್‌ಎಲ್‌ಗೆ ಪೂರ್ತಿ ಚಿಕಿತ್ಸೆ ಸಿಕ್ಕಿದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಆದರೆ ಚಿಕಿತ್ಸೆ ಎರಡು ವರ್ಷಕ್ಕೂ ಹೆಚ್ಚು ಕಾಲದ್ದು. ನಡುವೆ ಬಿಟ್ಟುಬಿಡುವುದೇ ನಮ್ಮ ದೇಶದಲ್ಲಿ ಈ ಮಕ್ಕಳ ದೊಡ್ಡ ಶತ್ರು.

ಉಳಿದೆರಡು ಬಗೆಗಳು ನಿಧಾನದವು. ಸಿಎಲ್‌ಎಲ್ ಹೆಚ್ಚಾಗಿ ವಯಸ್ಸಾದವರದು. ಕೆಲವರಿಗೆ ವರ್ಷಗಟ್ಟಲೆ ಔಷಧವೇ ಬೇಕಾಗುವುದಿಲ್ಲ, ಆಗಾಗ ರಕ್ತ ನೋಡಿಸಿಕೊಂಡರೆ ಸಾಕು. ಸಿಎಂಎಲ್‌ನ ಕತೆಯಂತೂ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮಾಟಿನಿಬ್ ಎಂಬ ಮಾತ್ರೆ ಈ ರೋಗವನ್ನು ಬಿಪಿ, ಸಕ್ಕರೆ ಕಾಯಿಲೆಯ ಹಾಗೆ ಮಾತ್ರೆಯಿಂದ ಹಿಡಿತದಲ್ಲಿಡುವ ಕಾಯಿಲೆಯನ್ನಾಗಿ ಮಾಡಿತು. ಆಗ ಕಂಪೆನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲೆ ಬೆಲೆ. ನಮ್ಮ ದೇಶದ ಕಂಪೆನಿಗಳು ತಯಾರಿಸಿದ ಅದೇ ಔಷಧ ಅದರ ಹತ್ತನೇ ಒಂದು ಭಾಗಕ್ಕೂ ಕಡಿಮೆಗೆ ಸಿಗುತ್ತಿತ್ತು. ಪೇಟೆಂಟ್ ಕೇಳಿ ಸುಪ್ರೀಂ ಕೋರ್ಟಿನ ತನಕ ಹೋದ ನೋವಾರ್ಟಿಸ್ ಕಂಪೆನಿಯ ಅರ್ಜಿ 2013ರ ಏಪ್ರಿಲ್ 1ರಂದು ತಿರಸ್ಕೃತವಾಯಿತು. ಆ ತೀರ್ಪಿನ ಫಲ ಇಂದು ಬಡವರ ಮನೆಯ ಮಾತ್ರೆ ಡಬ್ಬಿಯಲ್ಲಿದೆ.

ಫೋನು ಏನು ಮಾಡಬಲ್ಲದು?

ಜಾಲಹಳ್ಳಿಯಿಂದ ದೇವದುರ್ಗ, ಅಲ್ಲಿಂದ ರಾಯಚೂರು, ಅಲ್ಲಿಂದ ಬೆಂಗಳೂರು. ರಾಯಚೂರಿನಿಂದಲೇ ಸುಮಾರು 400 ಕಿ.ಮೀ. ರೋಗಿಯೊಂದಿಗೆ ಒಬ್ಬರು ಹೋಗಲೇಬೇಕು. ಇಬ್ಬರ ಕೂಲಿ ಹೋಯಿತು, ಮಕ್ಕಳನ್ನು ನೋಡುವವರಿಲ್ಲ, ಎರಡು ರಾತ್ರಿ ಪಯಣ. ಭತ್ತದ ನಾಟಿಯೋ ಹತ್ತಿ ಬಿಡಿಸುವುದೋ ನಡೆದಿದ್ದರೆ 'ಮುಂದಿನ ತಿಂಗಳು ಹೋಗೋಣ' ಎನ್ನುತ್ತಾರೆ. ಆ ಮುಂದಿನ ತಿಂಗಳು ಎಷ್ಟೋ ಸಲ ಬರುವುದೇ ಇಲ್ಲ. ದೂರ ಎಂಬುದೇ ಒಂದು ಕಾಯಿಲೆ. ಅದಕ್ಕೆ ಫೋನು ಒಳ್ಳೆಯ ಮದ್ದು.

ಇದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2002ರ ಹೊತ್ತಿಗೇ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಆಗ ಅದಕ್ಕೆ ದೊಡ್ಡ ಯಂತ್ರಗಳು ಬೇಕಿದ್ದವು. ಈಗ ಅಂಗೈಯಲ್ಲಿರುವ ಫೋನು ಸಾಕು. 2019ರ ಕೊನೆಗೆ ಕೇಂದ್ರ ಸರಕಾರದ ಇ-ಸಂಜೀವಿನಿ ಆರಂಭವಾಯಿತು. 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ, ಫೋನಿನಲ್ಲಿ ವೈದ್ಯರು ಹೇಗೆ ಚಿಕಿತ್ಸೆ ನೀಡಬೇಕೆಂಬ ನಿಯಮಗಳು ಪ್ರಕಟವಾದವು. ಇ-ಸಂಜೀವಿನಿಯಲ್ಲಿ ಎರಡು ದಾರಿಗಳಿವೆ. ಮನೆಯಿಂದಲೇ ವೈದ್ಯರೊಂದಿಗೆ ಮಾತಾಡುವುದು ಒಂದು. ಊರಿನ ಉಪಕೇಂದ್ರದಲ್ಲಿರುವ ಆರೋಗ್ಯಾಧಿಕಾರಿಯ ಮೂಲಕ ದೊಡ್ಡ ಆಸ್ಪತ್ರೆಯ ವೈದ್ಯರೊಂದಿಗೆ ಮಾತಾಡುವುದು ಇನ್ನೊಂದು. ಮನೆಯಲ್ಲಿ ಸಿಗ್ನಲ್ ಸಿಗದವರಿಗೆ, ಮನೆಯವರ ಮುಂದೆ ಮಾತಾಡಲಾಗದವರಿಗೆ ಎರಡನೆಯದೇ ಮೇಲು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ರೋಗ ಯಾವುದೆಂದು ಪತ್ತೆಯಾಗಿ, ಔಷಧ ಶುರುವಾಗಿ, ಸ್ಥಿತಿ ಸ್ಥಿರವಾದ ಮೇಲೆ ಫೋನಿನ ಉಪಯೋಗ ಬಹಳ. ಸಿಎಂಎಲ್ ಇರುವವರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಎಂಬ ಪರೀಕ್ಷೆ ಮಾಡಿಸಬೇಕು. ರಕ್ತವನ್ನು ಹತ್ತಿರದ ನಗರದಲ್ಲಿ ಕೊಟ್ಟು, ವರದಿಯನ್ನು ಫೋನಿನಲ್ಲಿ ಕಳುಹಿಸಿ ವೈದ್ಯರ ಸಲಹೆ ಪಡೆಯಬಹುದು. ಮುಖ ಊದಿಕೊಂಡಿದ್ದರೆ ವೀಡಿಯೋದಲ್ಲಿ ಕಾಣುತ್ತದೆ. ಕಾಲು ಸೆಡೆತ, ವಾಂತಿ ಇದ್ದರೆ ಹೇಳಿದರೆ ಸಾಕು, ಪರಿಹಾರ ಹೇಳುತ್ತಾರೆ.

ಇನ್ನೊಂದು ದೊಡ್ಡ ಉಪಯೋಗ ಎರಡನೆಯ ಅಭಿಪ್ರಾಯ. 'ಅಸ್ಥಿಮಜ್ಜೆ ಕಸಿ ಮಾಡಿಸಬೇಕು' ಎಂದೋ 'ಇನ್ನು ದುಬಾರಿ ಔಷಧವೇ ಗತಿ' ಎಂದೋ ಹೇಳಿದಾಗ ಹೊಲ ಮಾರುವ ಮುಂಚೆ ಮತ್ತೊಬ್ಬ ತಜ್ಞರನ್ನು ಕೇಳುವುದು ತಪ್ಪಲ್ಲ. ಅದು ಮೊದಲ ವೈದ್ಯರಿಗೆ ಮಾಡುವ ಅವಮಾನವೂ ಅಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ ತಜ್ಞರ ಅಭಿಪ್ರಾಯವನ್ನು 'ನವ್ಯಾ' ಎಂಬ ಸೇವೆಯ ಮೂಲಕ, ವರದಿಗಳನ್ನು ಕಳುಹಿಸಿ, ಮನೆಯಿಂದಲೇ ಪಡೆಯುವ ವ್ಯವಸ್ಥೆ ಇದೆ. ಆದರೆ ವೇಗದ ಬಗೆಯ ಲ್ಯೂಕೇಮಿಯಾದಲ್ಲಿ ಹತ್ತು ಜನರ ಅಭಿಪ್ರಾಯ ಕೇಳುತ್ತಾ ಕೂರುವಷ್ಟು ಸಮಯವಿರುವುದಿಲ್ಲ. ಅಲ್ಲಿ ಮೊದಲು ದಾಖಲಾಗುವುದು, ಆಮೇಲೆ ಕೇಳುವುದು.

ಫೋನು ಏನು ಮಾಡಲಾರದು?

ಮಜ್ಜೆಯ ಪರೀಕ್ಷೆ ಫೋನಿನಲ್ಲಿ ಆಗುವುದಿಲ್ಲ. ಉಬ್ಬಿದ ಗುಲ್ಮವನ್ನು ಕೈಯಿಟ್ಟೇ ನೋಡಬೇಕು. ರಕ್ತ ಏರಿಸುವುದು, ಕೀಮೋ ಕೊಡುವುದು ಆಸ್ಪತ್ರೆಯಲ್ಲೇ. ಮಾರ್ಫಿನ್‌ನಂಥ ಔಷಧಗಳನ್ನು ಫೋನಿನ ಸಲಹೆಯ ಮೇಲೆ ಬರೆದುಕೊಡಲು ನಿಯಮದಲ್ಲಿ ಅವಕಾಶವಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಜ್ವರ. ಕೀಮೋ ನಡೆಯುತ್ತಿರುವವರಿಗೆ, ಬಿಳಿ ರಕ್ತಕಣ ಕಡಿಮೆಯಿರುವವರಿಗೆ 100.4 ಡಿಗ್ರಿಗಿಂತ ಹೆಚ್ಚು ಜ್ವರ ಬಂದರೆ ಅದು ತುರ್ತು. 'ಒಂದು ಮಾತ್ರೆ ಹಾಕಿ ಬೆಳಗಿನ ತನಕ ನೋಡೋಣ' ಎನ್ನಬಾರದು. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೇ ಏರುತ್ತದೆ. ಆಸ್ಪತ್ರೆಗೆ ಕರೆ ಮಾಡಿ, ಆದರೆ ಕರೆ ಸಿಗಲಿ ಬಿಡಲಿ ಹೊರಟುಬಿಡಿ. ಇಂಥವರಿಗೆ ಊರಿನಲ್ಲಿ ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಹಾಕಿಸಬೇಡಿ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಅಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ. ನಿಲ್ಲದ ರಕ್ತಸ್ರಾವ, ಉಸಿರಾಟದ ತೊಂದರೆ, ತಡೆಯಲಾಗದ ತಲೆನೋವು, ಮಂಪರು - ಇವು ಕಂಡರೂ ಹಾಗೆಯೇ.

ಮಕ್ಕಳ ಎಎಲ್‌ಎಲ್‌ನ ಕೊನೆಯ ಹಂತದಲ್ಲಿ ಮನೆಯಲ್ಲೇ ಮಾತ್ರೆ ಕೊಡುವಾಗ ತಾಯಂದಿರು ಒಂದು ಮಾತು ನೆನಪಿಡಬೇಕು. ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೊಮ್ಮೆ ಮಾತ್ರ. ಅದನ್ನು ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ಫೋನಿನಲ್ಲಿ ಕೇಳಿಸಿಕೊಂಡದ್ದನ್ನು ನಂಬಿ ಕೂರದೆ ವಾರದ ಹೆಸರನ್ನು ಡಬ್ಬಿಯ ಮೇಲೆ ಬರೆಯಿರಿ. ವೈದ್ಯರಿಂದ ಬರೆದ ಚೀಟಿಯನ್ನೇ ಕೇಳಿ ಪಡೆಯಿರಿ.

ಉತ್ತರಿಸುವವರು ಯಾರು?

ಮತ್ತೆ ಆ ಪಡಸಾಲೆಗೆ ಬರೋಣ. ಆಸ್ಪತ್ರೆಯಲ್ಲಾದರೆ ವೈದ್ಯರು 'ಸ್ವಲ್ಪ ಹೊರಗಿರಿ' ಎಂದು ಉಳಿದವರನ್ನು ಕಳುಹಿಸಿ ಹೆಣ್ಣುಮಗಳೊಂದಿಗೆ ಒಂಟಿಯಾಗಿ ಮಾತಾಡಬಹುದು. ಹಾಸಿಗೆಯ ಪಕ್ಕ ನರ್ಸ್ ಇರುತ್ತಾರೆ. ಅವರ ಕಿವಿಯಲ್ಲಿ ಹೇಳಬಹುದು. ಫೋನು ಬಂದಾಗ ಆ ಪರದೆ ಹೋಗಿಬಿಟ್ಟಿತು. ಆಸ್ಪತ್ರೆ ಮನೆಗೆ ಬಂತು. ಆದರೆ ಮನೆಯಲ್ಲಿ ಯಾರ ಮುಂದೆ ಏನು ಹೇಳಬಾರದು ಎಂಬ ಕಟ್ಟಳೆಯೂ ಅಲ್ಲೇ ಇದೆ.

ಹೆಣ್ಣು ರೋಗಿ ಹೇಳಬೇಕಾದ ಮಾತುಗಳೇ ಅಂಥವು. ಪ್ಲೇಟ್‌ಲೆಟ್ ಕಡಿಮೆಯಾದಾಗ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗಬಹುದು. ಅದು ಔಷಧ ಬದಲಿಸಬೇಕಾದ ಸೂಚನೆಯಾಗಿರಬಹುದು. ಇಮಾಟಿನಿಬ್ ತೆಗೆದುಕೊಳ್ಳುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಮೊಲೆಹಾಲು ಕೊಡಬಾರದು. ಮಗು ಬೇಕೆಂಬ ಆಸೆಯಿದ್ದರೆ ಮೊದಲೇ ವೈದ್ಯರೊಂದಿಗೆ ಕೂತು ಯೋಚಿಸಬೇಕು. ಮುಟ್ಟು ನಿಂತ ಅನುಮಾನ ಬಂದರೆ ಅದೇ ದಿನ ತಿಳಿಸಬೇಕು. ಮುಂದೇನು ಎಂಬುದನ್ನು ವೈದ್ಯರೇ ಹೇಳಬೇಕು. ಕೆಲವು ಕೀಮೋ ಔಷಧಗಳಿಂದ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಮದುವೆಯಾಗದ ಹುಡುಗಿಗೂ ಈ ಪ್ರಶ್ನೆ ಕೇಳುವ ಹಕ್ಕಿದೆ. ಇವನ್ನೆಲ್ಲ ಮೈದುನ ಉತ್ತರಿಸಲಾರ. ಅವನದು ಪ್ರೀತಿಯೇ ಇರಬಹುದು, ಆದರೆ ಅವನಿಗೆ ಗೊತ್ತಿಲ್ಲ.

ಇನ್ನೊಂದು ನಮ್ಮ ಮನೆಗಳ ರೂಢಿ. 'ಆಕಿಗೆ ಏನೂ ಹೇಳಬ್ಯಾಡ್ರಿ ಡಾಕ್ಟ್ರೇ, ಹೆದರ್ತಾಳ.' ಇದೂ ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಯಾವ ಕಾಯಿಲೆಗೆ ನುಂಗುತ್ತಿದ್ದೇನೆಂದು ತಿಳಿಯದವಳು, ಆರಾಮ ಅನಿಸಿದ ದಿನ ಮಾತ್ರೆ ಬಿಡುತ್ತಾಳೆ. 'ಈಗ ಚೆನ್ನಾಗಿದ್ದೀನಲ್ಲ, ಸುಮ್ಮನೆ ಯಾಕೆ ಖರ್ಚು' ಎನ್ನುತ್ತಾಳೆ. ಸಿಎಂಎಲ್‌ನಲ್ಲಿ ಹೀಗೆ ಮಾತ್ರೆ ತಪ್ಪಿಸುತ್ತಾ ಹೋದರೆ ರೋಗ ಔಷಧಕ್ಕೆ ಬಗ್ಗದಂತೆ ತಿರುಗಿ ಬೀಳಬಹುದು. ಮುಚ್ಚಿಟ್ಟ ಸತ್ಯ ರೋಗಿಯನ್ನು ಕಾಯುವುದಿಲ್ಲ. ಮೆಲ್ಲಗೆ, ನಂಬಿಕೆಯವರ ಬಾಯಿಂದ, ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ತಾಯಿಯೋ ಆಪಾಳೋ ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು.

2020ರ ನಿಯಮಗಳೂ ಇದನ್ನೇ ಹೇಳುತ್ತವೆ. ರೋಗಿ ಚಿಕ್ಕ ಮಗುವಾಗಿದ್ದರೆ, ಅಥವಾ ಮಾತಾಡಲಾಗದ ಸ್ಥಿತಿಯಲ್ಲಿದ್ದರೆ ಮನೆಯವರು ಅವರ ಪರವಾಗಿ ಮಾತಾಡಬಹುದು. ಉಳಿದಂತೆ ರೋಗಿಯ ಒಪ್ಪಿಗೆ ಬೇಕು. ಪುರುಷ ವೈದ್ಯರ ಮುಂದೆ ವೀಡಿಯೋದಲ್ಲಿ ಬರಲು ಸಂಕೋಚವಿದ್ದರೆ ಬರಿಯ ಧ್ವನಿ ಕರೆಯಲ್ಲಿ ಮಾತಾಡಬಹುದು, ಬರೆದು ಕಳುಹಿಸಬಹುದು. ವೈದ್ಯೆ ಇದ್ದಾರೆಯೇ ಎಂದೂ ಕೇಳಬಹುದು. ಸಂಕೋಚ ಇರಲಿ, ತಪ್ಪಿಲ್ಲ. ಸಂಕೋಚದ ಹೆಸರಿನಲ್ಲಿ ಮಾತೇ ಆಗದಿದ್ದರೆ ಅದು ತಪ್ಪು. ರಮಝಾನ್‌ನ ಉಪವಾಸದ ವಿಷಯವೂ ಇದೇ. ರೋಗಿಗೆ ಧರ್ಮದಲ್ಲೇ ರಿಯಾಯಿತಿ ಇದೆ. ಕದ್ದು ಉಪವಾಸ ಹಿಡಿದು ಮಾತ್ರೆ ತಪ್ಪಿಸುವ ಬದಲು ರಮಝಾನ್ ಬರುವ ಮುಂಚೆ ವೈದ್ಯರನ್ನು ಕೇಳಿ.

ಕರೆಗೆ ಮುಂಚೆ ಮಾಡಬೇಕಾದದ್ದು

1. ಎಲ್ಲ ವರದಿಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಫೋಟೋ ತೆಗೆಯುವಾಗ ಬೆಳಕಿನಲ್ಲಿ, ಕಾಗದ ಚಪ್ಪಟೆಯಾಗಿಟ್ಟು, ಹೆಸರು ಮತ್ತು ತಾರೀಖು ಕಾಣುವಂತೆ ಪೂರ್ತಿ ಪುಟ ತೆಗೆಯಿರಿ.

2. ತೂಕ, ಜ್ವರ ನೋಡಿಟ್ಟುಕೊಳ್ಳಿ. ಮಾತ್ರೆಗಳನ್ನು ಕೈಗೆಟುಕುವಂತೆ ಇಡಿ. ಎಷ್ಟು ದಿನ ತಪ್ಪಿತು ಎಂಬುದನ್ನು ನಿಜ ಹೇಳಿ. ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

3. ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆಯಿರಿ. ಇದು ಯಾವ ಬಗೆ? ಈ ಚಿಕಿತ್ಸೆಯಿಂದ ಗುಣವಾಗುತ್ತದೆಯೇ ಅಥವಾ ಹಿಡಿತದಲ್ಲಿರುತ್ತದೆಯೇ? ಬೇರೆ ದಾರಿ ಇದೆಯೇ? ಎಷ್ಟು ಕಾಲ? ಯಾವುದು ಕಂಡರೆ ಓಡಿ ಬರಬೇಕು? ರಾತ್ರಿ ಹೊತ್ತು ಯಾವ ನಂಬರಿಗೆ ಕರೆ ಮಾಡಬೇಕು?

4. ವೈದ್ಯರು ಹೇಳಿದ್ದನ್ನು ನೀವು ತಿಳಿದುಕೊಂಡಂತೆ ಅವರಿಗೇ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

5. ಹೆಸರು, ನೋಂದಣಿ ಸಂಖ್ಯೆ ಹೇಳದೆ, 'ಕ್ಯಾನ್ಸರ್ ಖಂಡಿತ ಗುಣ, ಮೊದಲು ಹಣ ಹಾಕಿ' ಎನ್ನುವವರ ಫೋನು ಇಟ್ಟುಬಿಡಿ.

ಖರ್ಚಿನ ಮಾತು

ಹಣವನ್ನು ಬಿಟ್ಟು ತೀರ್ಮಾನವಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವಿದೆ. ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ಆದ್ದರಿಂದ ರಾಯಚೂರಿನ ರಿಮ್ಸ್‌ಗೆ ಹೋಗದೆ ನೇರ ಬೆಂಗಳೂರಿಗೆ ಓಡಿದರೆ ಕಾಗದಕ್ಕಾಗಿ ಮತ್ತೆ ಅಲೆಯಬೇಕಾದೀತು. 1973ರಲ್ಲಿ ಸ್ಥಾಪನೆಯಾದ, ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸರಕಾರಿ ಸಂಸ್ಥೆ. ಕಲಬುರಗಿಯಲ್ಲಿ ಅದರ ಕೇಂದ್ರವೂ ಇದೆ. ರಾಯಚೂರಿನವರಿಗೆ ಹತ್ತಿರವೆಂದು ಹೈದರಾಬಾದಿಗೆ ಹೋಗುವವರು ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಲಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಮೂನೆ ತುಂಬಿಸಿಕೊಳ್ಳಬೇಕು. ಮನಸ್ಸು ಕುಸಿದಾಗ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನವರು ಹಗಲು ರಾತ್ರಿ ಉಚಿತವಾಗಿ ಮಾತಾಡುತ್ತಾರೆ. ರೋಗಿಯಷ್ಟೇ ಅಲ್ಲ, ಆರೈಕೆ ಮಾಡಿ ಸೋತ ಅತ್ತೆ, ತಾಯಿ, ಅಕ್ಕಂದಿರೂ ಮಾತಾಡಬಹುದು.

ಈಗ ಅದೇ ಮನೆಯನ್ನು ಇನ್ನೊಮ್ಮೆ ನೋಡಿ. ಕರೆ ಬರುತ್ತದೆ. ಅತ್ತೆ ಮೈದುನನ ಕೈಯಿಂದ ಫೋನು ತೆಗೆದುಕೊಂಡು, 'ನೀವೆಲ್ಲ ಹೊರಗ ಕೂಡ್ರಿ' ಎನ್ನುತ್ತಾಳೆ. ಒಳಗಿನ ಕೋಣೆಯಲ್ಲಿ ಸೊಸೆಯ ಕೈಗೆ ಫೋನು ಕೊಟ್ಟು, ಬಾಗಿಲು ಮುಂದೆ ಮಾಡಿ, ಹೊಸ್ತಿಲ ಹೊರಗೆ ಕೂರುತ್ತಾಳೆ. 'ಹೇಗಿದ್ದೀರಿ ಅಮ್ಮಾ?' ಎಂದು ವೈದ್ಯರು ಕೇಳುತ್ತಾರೆ. ಆಕೆ ಉತ್ತರಿಸುತ್ತಾಳೆ. ಖರ್ಚು, ಪಯಣ, ಮಕ್ಕಳ ಜವಾಬ್ದಾರಿಯನ್ನು ಆಮೇಲೆ ಎಲ್ಲರೂ ಸೇರಿ ಮಾತಾಡಲಿ. ಗಂಡನಿಗೆ ಫೋನು ಮಾಡಲಿ, ಮಾವನ ಸಲಹೆ ಕೇಳಲಿ. ಹಿರಿಯರ ಮಾತು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಮೈ ಯಾರದೋ ನೋವು ಯಾರದೋ ಅವರ ಮಾತು ಮೊದಲು ವೈದ್ಯರ ಕಿವಿಗೆ ಬೀಳಬೇಕು.

ನಿಮ್ಮ ಮನೆಯಲ್ಲಿ ಇಂಥ ಕರೆ ಬರುವುದಿದ್ದರೆ, ಆ ದಿನ ಬಾಗಿಲು ಮುಂದೆ ಮಾಡುವವರು ನೀವಾಗಿರಿ.